ಬರ್ಮಾದ ಬೇಳೆ ಬೇಕೆಂದರೆ ಬಾಯಿ ಮುಚ್ಚಿಕೊಂಡಿರಬೇಕೆ?

ನಿಮ್ಮ ಪ್ರಶ್ನೆ ಹೀಗಿದೆ: ಮ್ಯಾನ್ಮಾರ್‌ನಲ್ಲಿ (ಹಳೆಯ ಹೆಸರು ಬರ್ಮಾ) ಸೇನೆ ತನ್ನ ಜನರನ್ನೇ ಕೊಲ್ಲುತ್ತಿದ್ದರೂ ಭಾರತ ಗಟ್ಟಿಯಾಗಿ ಖಂಡಿಸಲಿಲ್ಲ, ಆದರೆ ಬೇಳೆ, ಅನಿಲ, ಗಡಿ ಎಲ್ಲವೂ ಅವರ ಜೊತೆ ತಳಕು ಹಾಕಿಕೊಂಡಿರುವಾಗ ಖಂಡಿಸಿ ವ್ಯಾಪಾರ ಕೆಡಿಸಿಕೊಳ್ಳುವುದು ಜಾಣತನವೇ? ಬೇಳೆ ವ್ಯಾಪಾರದವರು ಯಾರಾದರೂ ಇದ್ದರೆ ಉತ್ತರಿಸಿ, ನೀವು ಆ ಮಾಲನ್ನು ಬಿಡುತ್ತೀರಾ ಎಂದೂ ಕೇಳಿದ್ದೀರಿ.

ನಾನು ಕಲಬುರಗಿಯ ಒಂದು ಬೇಳೆ ಗಿರಣಿಯಲ್ಲಿ ಹದಿನೆಂಟು ವರ್ಷಗಳಿಂದ ಖರೀದಿ, ಲೆಕ್ಕ ಎರಡನ್ನೂ ನೋಡಿಕೊಳ್ಳುತ್ತಿದ್ದೇನೆ. ತೊಗರಿಯ ಕಣಜದಲ್ಲಿ ಕೂತವನಿಗೆ ಬರ್ಮಾ ತೊಗರಿಯ ಉಸಾಬರಿ ಏಕೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಹೊಲದ ತೊಗರಿ ಗಿರಣಿಗೆ ವರ್ಷವಿಡೀ ಸಾಲುವುದಿಲ್ಲ. ಮಳೆ ಕೈಕೊಟ್ಟ ವರ್ಷ, ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದ ವರ್ಷ ಇನ್ನೂ ಕಡಿಮೆ. ಆಗ ಚೆನ್ನೈ ಅಥವಾ ಮುಂಬೈ ಬಂದರಿಗೆ ಬಂದಿಳಿದ 'ಲೆಮನ್' ತರಿಸುತ್ತೇವೆ. ಬರ್ಮಾ ತೊಗರಿಗೆ ಪೇಟೆಯಲ್ಲಿ ಅದೇ ಹೆಸರು. ಎರಡು ರಾಶಿ ಅಕ್ಕಪಕ್ಕ ಸುರಿದರೆ ನಮ್ಮ ಕೆಂಪು ಕಾಳು ಯಾವುದು, ಸಮುದ್ರ ದಾಟಿ ಬಂದದ್ದು ಯಾವುದು ಎಂದು ನಮ್ಮ ಹಮಾಲರು ಕಣ್ಣಲ್ಲೇ ಹೇಳುತ್ತಾರೆ. ಬೇಳೆ ಒಡೆದು ಪಾಲಿಶ್ ಆದಮೇಲೆ ಊಟಕ್ಕೆ ಕೂತವರಿಗೆ ಅದು ತಿಳಿಯುವುದಿಲ್ಲ.

ನನಗೆ ಈ ವಿಷಯ ಮನಸ್ಸಿಗೆ ನಾಟಿದ್ದು ಒಂದು ಫೋನ್ ಕರೆಯಲ್ಲಿ. ಚೆನ್ನೈನ ನಮ್ಮ ದಲ್ಲಾಳಿ ರಂಗೂನಿನಲ್ಲಿ ಹುಟ್ಟಿದ ತಮಿಳರ ಮಗ. 1962ರಲ್ಲಿ ಸೇನಾನಾಯಕ ನೆ ವಿನ್ ಅಧಿಕಾರ ಹಿಡಿದು, ಮುಂದಿನ ವರ್ಷಗಳಲ್ಲಿ ಅಂಗಡಿ, ಗಿರಣಿಗಳನ್ನೆಲ್ಲ ರಾಷ್ಟ್ರೀಕರಿಸಿದಾಗ ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಿದ ಕುಟುಂಬ ಅವರದು. ವಾರಕ್ಕೆರಡು ಸಲ ಫೋನಿನಲ್ಲಿ ಅಲ್ಲಿನ ದರ, ಫಸಲಿನ ಅಂದಾಜು ಹೇಳುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. 2021ರ ಸೇನಾ ದಂಗೆಯ ಮರುವರ್ಷ ಒಂದು ದಿನ ಅವರು "ಸಗೈಂಗ್ ಕಡೆ ಹಳ್ಳಿಗಳನ್ನು ಸುಡುತ್ತಿದ್ದಾರೆ, ಜನ ಕಾಡಿಗೆ ಓಡಿದ್ದಾರೆ" ಎಂದರು. ಸಗೈಂಗ್ ಅಲ್ಲಿನ ತೊಗರಿ ಬೆಳೆಯುವ ಪ್ರಾಂತ್ಯ. ನಾನು ಅಭ್ಯಾಸಬಲದಿಂದ 'ಸಗೈಂಗ್: ಬಿತ್ತನೆ ಕಡಿಮೆ, ದರ ಏರಬಹುದು' ಎಂದು ಬರೆದೆ. ಫೋನ್ ಇಟ್ಟಮೇಲೆ ಆ ಸಾಲನ್ನು ಮತ್ತೆ ಓದಿದೆ. ಸುಟ್ಟ ಹಳ್ಳಿ ನನ್ನ ಕೈಯಲ್ಲಿ ದರದ ಮುನ್ಸೂಚನೆ ಆಗಿಹೋಗಿತ್ತು. ಅಂದಿನಿಂದ ಆ ದೇಶದ ಸುದ್ದಿಯನ್ನು ದರಕ್ಕಾಗಿ ಮಾತ್ರ ಓದುವುದನ್ನು ಬಿಟ್ಟೆ.

2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು, ಚುನಾಯಿತ ನಾಯಕಿ ಆಂಗ್ ಸಾನ್ ಸೂ ಕಿ ಬಂಧನವಾಯಿತು. ಮಾರ್ಚ್ 27ರ ಸೇನಾ ದಿನದಂದು ಬೀದಿಗಳಲ್ಲಿ ಒಂದೇ ದಿನ ನೂರಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದರು. ಅಂದಿನ ಪೆರೇಡಿಗೆ ಪ್ರತಿನಿಧಿ ಕಳಿಸಿದ ಎಂಟು ದೇಶಗಳಲ್ಲಿ ನಮ್ಮದೂ ಒಂದು. ಏಪ್ರಿಲ್ ಮೊದಲಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಯಾವುದೇ ಹಿಂಸೆಯನ್ನು ಖಂಡಿಸುತ್ತೇವೆ, ಪ್ರಜಾಪ್ರಭುತ್ವ ಮರಳಬೇಕು ಎಂದಿತು. ಅಷ್ಟನ್ನು ಹೇಳಿದ್ದು ನಿಜ, ಅದನ್ನು ಮರೆಮಾಚಬಾರದು. ಆದರೆ ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆ ಸೇನೆಯ ಹಿಂಸೆಯನ್ನು ಖಂಡಿಸುವ ಗೊತ್ತುವಳಿ ಬಂದಾಗ 119 ದೇಶಗಳು ಪರವಾಗಿ ಮತ ಹಾಕಿದವು, 36 ದೇಶಗಳು ತಟಸ್ಥವಾಗಿ ಉಳಿದವು, ನಾವು ತಟಸ್ಥರ ಸಾಲಿನಲ್ಲಿದ್ದೆವು. 2022ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯಲ್ಲಿ 12 ದೇಶಗಳು ಒಪ್ಪಿದ ಗೊತ್ತುವಳಿಗೂ ಚೀನಾ, ರಷ್ಯಾಗಳ ಜೊತೆ ನಾವು ತಟಸ್ಥ. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ನಮ್ಮದೇ ಆಗಿತ್ತು.

ಅದೇ 2021ರ ಜೂನ್ ತಿಂಗಳಲ್ಲೇ ಮ್ಯಾನ್ಮಾರ್ ಜೊತೆ ಬೇಳೆಕಾಳಿನ ಒಪ್ಪಂದವೂ ಆಯಿತು. ಐದು ವರ್ಷ, ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ. ಹಾಗಾಗಿ 'ಬೇಳೆ ಬೇಕಿತ್ತು, ಸುಮ್ಮನಾದರು' ಎಂದು ಅನೇಕರು ಲೆಕ್ಕ ಮುಗಿಸುತ್ತಾರೆ. ನಾನು ಈ ವ್ಯಾಪಾರದ ಒಳಗಿರುವವನು, ಈ ಲೆಕ್ಕ ತಪ್ಪು ಎಂದು ಹೇಳಬಲ್ಲೆ.

ಉದ್ದು, ತೊಗರಿಯನ್ನು ಬರ್ಮಾದ ರೈತ ತನ್ನ ಊಟಕ್ಕೆ ಬೆಳೆಯುವುದಿಲ್ಲ. ನಮ್ಮ ಇಡ್ಲಿ, ದೋಸೆ, ಸಾರಿಗಾಗಿ ಬೆಳೆಯುತ್ತಾನೆ. ಅಷ್ಟು ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಇನ್ನೊಂದು ದೇಶ ಅವನಿಗಿಲ್ಲ. 2017ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಬಂಪರ್ ಬೆಳೆ ಬಂದು ದರ ಕುಸಿದಾಗ ಕೇಂದ್ರ ಸರ್ಕಾರ ಆಮದಿಗೆ ಮಿತಿ ಹಾಕಿತು: ತೊಗರಿ ವರ್ಷಕ್ಕೆ 2 ಲಕ್ಷ ಟನ್, ಉದ್ದು ಹೆಸರು ಸೇರಿ 3 ಲಕ್ಷ ಟನ್. ಬರ್ಮಾದಲ್ಲಿ ದರ ನೆಲ ಕಚ್ಚಿತು, ರೈತರು ಮಾಲನ್ನು ಗೋದಾಮಿನಲ್ಲಿಟ್ಟು ಅತ್ತರು. ಆಗ ರಂಗೂನಿನಿಂದ ಮನವಿಗಳು ಬಂದವು, ನಿಯೋಗಗಳು ಬಂದವು. ಸಂಬಂಧ ಮುರಿಯಿತೇ? ಇಲ್ಲ. ಮರುತಿಂಗಳೇ ನಮ್ಮ ಪ್ರಧಾನಿ ಅವರ ರಾಜಧಾನಿ ನೇಪಿಡಾಗೆ ಹೋಗಿಬಂದರು. ನಮ್ಮ ರೈತನ ದರಕ್ಕಾಗಿ ಅವರ ಹೊಟ್ಟೆಯ ಮೇಲೆ ಹೊಡೆದಾಗಲೂ ಉಳಿದ ಸಂಬಂಧ ಒಂದು ಮತದಿಂದ ಮುರಿದುಬೀಳುತ್ತಿತ್ತು ಎಂದು ನಂಬಲು ನನಗಾಗುವುದಿಲ್ಲ. ಈ ಪೇಟೆಯಲ್ಲಿ ಕೊಳ್ಳುವವನ ಕೈ ಮೇಲು, ಮಾರುವವನಿಗೆ ಬೇರೆ ಗಿರಾಕಿ ಇಲ್ಲ.

ಅದೇ 2017ರ ಆಗಸ್ಟ್ ಕೊನೆಯಲ್ಲಿ ರೋಹಿಂಗ್ಯಾ ಜನರನ್ನು ಆ ದೇಶದ ಪಶ್ಚಿಮ ಕರಾವಳಿಯ ರಖೈನ್‌ನಿಂದ ಅಟ್ಟಲು ಶುರುಮಾಡಿದ್ದರು, ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶ ಸೇರಿದರು. ದರಕ್ಕಾಗಿ ಬಾಗಿಲು ಹಾಕಲು ನಮಗೆ ಧೈರ್ಯವಿತ್ತು. ಅವರ ಪರವಾಗಿ ಬಾಯಿ ಬಿಡಲು ಬರಲಿಲ್ಲ.

ಹಾಗಾದರೆ ನಮ್ಮನ್ನು ತಡೆದದ್ದೇನು? ಬೇಳೆಯಲ್ಲ. 1,643 ಕಿಲೋಮೀಟರ್ ಗಡಿ, ಆಚೆ ಅಡಗಿರುವ ಈಶಾನ್ಯದ ಬಂಡುಕೋರರು, ಮತ್ತು ಚೀನಾ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 1988ರ ಜನಹೋರಾಟದ ಕಾಲದಲ್ಲಿ ಭಾರತ ಬಹಿರಂಗವಾಗಿ ಪ್ರಜಾಪ್ರಭುತ್ವದ ಪರ ನಿಂತಿತ್ತು, ಆಕಾಶವಾಣಿಯ ಬರ್ಮೀ ಪ್ರಸಾರವನ್ನು ಅಲ್ಲಿನ ಜನ ಕದ್ದು ಕೇಳುತ್ತಿದ್ದರು. ದೆಹಲಿಯಲ್ಲೇ ಓದಿದ್ದ ಸೂ ಕಿಗೆ ನೆಹರೂ ಪ್ರಶಸ್ತಿಯನ್ನೂ ಕೊಟ್ಟೆವು. ಅದರಿಂದ ಸೇನೆ ಕದಲಲಿಲ್ಲ, ಚೀನಾಕ್ಕೆ ಹತ್ತಿರವಾಯಿತು. ತೊಂಬತ್ತರ ದಶಕದಲ್ಲಿ ದೆಹಲಿ ದಾರಿ ಬದಲಿಸಿ ಸೇನೆಯ ಜೊತೆ ಕೈ ಕುಲುಕಿತು. ಆ ತೀರ್ಮಾನ ಮಾಡಿದವರನ್ನು ನಾನು ಹೇಡಿಗಳು ಎನ್ನಲಾರೆ.

ಆದರೆ ಆ ಮೌನಕ್ಕೆ ಸಿಕ್ಕ ಪ್ರತಿಫಲವನ್ನೂ ಲೆಕ್ಕ ಹಾಕಬೇಕಲ್ಲವೇ? ಮ್ಯಾನ್ಮಾರ್ ಮೂಲಕ ನಮ್ಮ ಈಶಾನ್ಯಕ್ಕೆ ಸರಕು ಸಾಗಿಸುವ ಕಲಾದಾನ್ ಯೋಜನೆಗೆ 2008ರಲ್ಲಿ ಸಹಿ ಬಿತ್ತು. ಕೋಲ್ಕತ್ತಾದಿಂದ ಸಿತ್ವೆ ಬಂದರು, ಅಲ್ಲಿಂದ ನದಿಯಲ್ಲಿ ಪಲೆಟ್ವಾ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂ. ಮೊದಲ ಸರಕು ಹಡಗು ಸಿತ್ವೆಗೆ ತಲುಪಿದ್ದು 2023ರ ಮೇ ತಿಂಗಳಲ್ಲಿ, ಹದಿನೈದು ವರ್ಷಕ್ಕೆ. ಎಂಟು ತಿಂಗಳಲ್ಲಿ, 2024ರ ಜನವರಿಯಲ್ಲಿ, ಪಲೆಟ್ವಾ ಸೇನೆಯ ವಿರುದ್ಧ ಹೋರಾಡುವ ರಖೈನ್ ಬಂಡುಕೋರರ ಪಡೆ ಅರಕಾನ್ ಆರ್ಮಿಯ ವಶವಾಯಿತು. ಆ ವರ್ಷ ಮುಗಿಯುವಷ್ಟರಲ್ಲಿ ರಖೈನ್‌ನ ಬಹುಪಾಲು ಅವರದೇ. ಯಾರ ಮನಸ್ಸು ನೋಯಿಸಬಾರದೆಂದು ಇಷ್ಟು ವರ್ಷ ಮಾತು ನುಂಗಿಕೊಂಡೆವೋ ಅವರ ಕೈಯಲ್ಲಿ ಈಗ ನಮ್ಮ ದಾರಿಯೇ ಇಲ್ಲ. ಇದು ನೀತಿಯ ಮಾತಲ್ಲ, ಶುದ್ಧ ವ್ಯಾಪಾರದ ಮಾತು: ಒಬ್ಬನೇ ಅಡತಿಯವನ ಮುಖ ನೋಡಿಕೊಂಡು ಉಳಿದ ಮಂಡಿಯನ್ನೆಲ್ಲ ದೂರ ಮಾಡಿಕೊಂಡರೆ, ಅವನ ಅಂಗಡಿ ಮುಚ್ಚಿದ ದಿನ ನಮಗೆ ಮಾಲು ಕೊಡುವವರಿರುವುದಿಲ್ಲ.

ಇನ್ನು 'ವ್ಯಾಪಾರ' ಎಂಬ ಒಂದೇ ಪದದಡಿ ಎಲ್ಲವನ್ನೂ ಕಟ್ಟಿಹಾಕುವುದು ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ. ತೊಗರಿ ಚೀಲದ ಹಣ ಮೊದಲು ಹೋಗುವುದು ರೈತನಿಗೆ, ಹಳ್ಳಿಯ ವ್ಯಾಪಾರಿಗೆ. ಅದರಲ್ಲೂ ಸೇನೆ ಪಾಲು ಹೊಡೆಯುತ್ತದೆ. 2022ರ ಏಪ್ರಿಲ್‌ನಲ್ಲಿ ರಫ್ತುದಾರರು ಗಳಿಸಿದ ಡಾಲರನ್ನೆಲ್ಲ ಒಂದೇ ದಿನದೊಳಗೆ ಡಾಲರಿಗೆ 1850 ಕ್ಯಾಟ್ (ಅಲ್ಲಿನ ಹಣ) ದರದಲ್ಲಿ ಬದಲಿಸಬೇಕೆಂದು ಆಜ್ಞೆಯಾಯಿತು. ಆಗಸ್ಟ್‌ನಲ್ಲಿ ಅದನ್ನು 2100ಕ್ಕೆ ಏರಿಸಿ ಶೇ 65ರಷ್ಟನ್ನು ಹಾಗೆ ಕೊಡಲೇಬೇಕೆಂದರು. ಹೊರಗಿನ ದರ ಅದಕ್ಕಿಂತ ಬಹಳ ಮೇಲಿತ್ತು. ಆ ಎರಡು ದರಗಳ ನಡುವಿನ ಅಂತರ ರೈತನ ಜೇಬಿನಿಂದ ಹೋದ ತೆರಿಗೆ. ಆದರೂ ಉಳಿದದ್ದರಲ್ಲಿ ಸಗೈಂಗ್, ಮ್ಯಾಗ್ವೆಯ ಒಣಭೂಮಿಯ ಜನ ಬದುಕುತ್ತಿದ್ದಾರೆ, ಮತ್ತು ಸೇನೆಗೆ ಎದುರು ನಿಂತವರೂ ಅವರೇ. ನಾವು ತೊಗರಿ ನಿಲ್ಲಿಸಿದರೆ ಮೊದಲು ಉಪವಾಸ ಬೀಳುವವರು ಅವರು.

ಅನಿಲದ ಕಥೆ ಬೇರೆ. ಮ್ಯಾನ್ಮಾರ್ ಕರಾವಳಿಯಾಚೆಯ ಶ್ವೆ ಅನಿಲ ಕ್ಷೇತ್ರದಲ್ಲಿ ನಮ್ಮ ಸರ್ಕಾರಿ ಕಂಪನಿಗಳಾದ ಓಎನ್‌ಜಿಸಿ ವಿದೇಶ್‌ಗೆ ಶೇ 17, ಗೇಲ್‌ಗೆ ಶೇ 8.5 ಪಾಲಿದೆ. ಅನಿಲ ನಮ್ಮ ಒಲೆಗೆ ಬರುವುದಿಲ್ಲ, ಹೆಚ್ಚಿನದು ಕೊಳವೆಯಲ್ಲಿ ಚೀನಾಕ್ಕೆ ಹೋಗುತ್ತದೆ. ಆದಾಯದ ದೊಡ್ಡ ಭಾಗ ಸೇನೆಯ ಹಿಡಿತದಲ್ಲಿರುವ ಸರ್ಕಾರಿ ತೈಲ ಸಂಸ್ಥೆಗೆ. ಟೋಟಲ್ ಎನರ್ಜೀಸ್ ಮತ್ತು ಶೆವ್ರಾನ್ 2022ರ ಜನವರಿಯಲ್ಲಿ ಇನ್ನೊಂದು ಕ್ಷೇತ್ರದಿಂದ ಹೊರಬರುತ್ತೇವೆ ಎಂದವು. ನಾವು ನಮ್ಮ ಪಾಲಿನ ಬಗ್ಗೆ ದೊಡ್ಡದಾಗಿ ಚರ್ಚೆ ಕೂಡ ಮಾಡಲಿಲ್ಲ.

ಮತ್ತು ಆಯುಧ. 2023ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ ಕೊಟ್ಟ ವರದಿಯ ಪ್ರಕಾರ ದಂಗೆಯ ನಂತರ ಆ ಸೇನೆಗೆ ಹೋದ ಸುಮಾರು ನೂರು ಕೋಟಿ ಡಾಲರಿನ ಸಾಮಗ್ರಿಯಲ್ಲಿ ಭಾರತದಿಂದ ಹೋದದ್ದು 5.1 ಕೋಟಿ ಡಾಲರ್. ರಷ್ಯಾ, ಚೀನಾ, ಸಿಂಗಾಪುರದ ಲೆಕ್ಕದ ಮುಂದೆ ಇದು ಚಿಕ್ಕದು. ಆದರೆ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಸಾರ್ವಜನಿಕ ಉದ್ಯಮವೊಂದರ ಹೆಸರೂ ಅದರಲ್ಲಿದೆ. ಆ ವರದಿಗೆ ಒಂದು ತಿಂಗಳ ಮೊದಲು, ಏಪ್ರಿಲ್ 11ರಂದು, ಸಗೈಂಗ್‌ನ ಪಾಜಿಜಿ ಹಳ್ಳಿಯಲ್ಲಿ ಊರವರು ಸೇರಿದ್ದ ಸಮಾರಂಭದ ಮೇಲೆ ಯುದ್ಧವಿಮಾನ ಬಾಂಬು ಹಾಕಿ 150ಕ್ಕೂ ಹೆಚ್ಚು ಜನರನ್ನು ಕೊಂದಿತ್ತು, ಸತ್ತವರಲ್ಲಿ ಮಕ್ಕಳೂ ಇದ್ದರು. ತೊಗರಿ ಚೀಲವನ್ನೂ ರಾಡಾರನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ವ್ಯಾಪಾರ ಸಂಬಂಧ' ಎನ್ನುವುದು ನನಗೆ ಸಹಿಸಲಾಗದ ಮಾತು. ಆಯುಧ ಸಾಮಗ್ರಿ ನಾಳೆಯೇ ನಿಲ್ಲಬೇಕು, ಅದಕ್ಕೆ ಯಾವ ತೂಕ ಅಳತೆಯೂ ಬೇಡ.

ನಮ್ಮೂರಲ್ಲೂ 'ಬರ್ಮಾ ಮಾಲು ನಿಲ್ಲಿಸಿ' ಎನ್ನುವವರಿದ್ದಾರೆ. ಬಹುತೇಕರ ಕಾಳಜಿ ದರದ್ದು. ಸುಂಕವಿಲ್ಲದೆ ಮಾಲು ಬಂದು ಬಿದ್ದರೆ ಬೆಂಬಲ ಬೆಲೆಯೂ ಸಿಗದ ನಮ್ಮ ರೈತನ ಬೇಡಿಕೆ ನ್ಯಾಯವಾದದ್ದೇ. ಆದರೆ ಅದನ್ನು ಆ ಹೆಸರಿನಲ್ಲೇ ಕೇಳಬೇಕು. ಸತ್ತವರ ಹೆಸರಿನಲ್ಲಿ ಕೇಳುವುದು ಬೇಡ.

ಖಂಡಿಸಿದರೆ ಸೇನೆ ಹೆದರುತ್ತದೆಯೇ ಎಂದು ನೀವು ಕೇಳಬಹುದು. ಹೆದರುವುದಿಲ್ಲ. ಆದರೆ ಮಿಜೋರಾಂನವರು ಏನು ಮಾಡಿದರು ನೋಡಿ. ನಿರಾಶ್ರಿತರನ್ನು ಒಳಗೆ ಬಿಡಬೇಡಿ ಎಂದು 2021ರ ಮಾರ್ಚ್‌ನಲ್ಲಿ ಕೇಂದ್ರದಿಂದ ಸೂಚನೆ ಬಂದಾಗ ಆಗಿನ ಮುಖ್ಯಮಂತ್ರಿ ಜೋರಂಥಂಗಾ ಅದು ಒಪ್ಪಿಗೆಯಿಲ್ಲ ಎಂದು ಪ್ರಧಾನಿಗೇ ಪತ್ರ ಬರೆದರು. ಊರಿನ ಚರ್ಚುಗಳು, ಯುವಕ ಸಂಘಗಳು ಅಕ್ಕಿ ಬಟ್ಟೆ ಕೂಡಿಸಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸಾಕಿದವು. ಆಚೆಯವರು ಇವರಿಗೆ ಬಂಧುಗಳು ಎಂಬ ಕಾರಣವಿತ್ತು, ಇರಲಿ. ನಾಳೆ ಗಡಿಯಾಚೆಯ ಚಿನ್ ಬೆಟ್ಟಗಳಲ್ಲಿ ಯಾರ ಆಡಳಿತ ಬಂದರೂ ಭಾರತದ ಹೆಸರಿಗೆ ಅಲ್ಲಿ ಮರ್ಯಾದೆ ಉಳಿದಿದ್ದರೆ ಅದು ಈ ಜನರಿಂದ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ನಾವು ಬರ್ಮಾ ತೊಗರಿ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಎರಡು ವರ್ಷದಿಂದ ಮಾಡುತ್ತಿರುವುದು ಒಂದೇ: ವ್ಯವಹಾರ ಕುದುರಿಸುವಾಗ ರಫ್ತುದಾರನಿಗೆ ಸೇನೆಯ ಕಂಪನಿಗಳ ಜೊತೆ ನಂಟಿಲ್ಲ ಎಂದು ಬರೆದುಕೊಡಲು ಕೇಳುತ್ತೇನೆ. 2021ರ ಮಾರ್ಚ್‌ನಲ್ಲಿ ಅಮೆರಿಕ, ಏಪ್ರಿಲ್ ಹೊತ್ತಿಗೆ ಬ್ರಿಟನ್ ಕೂಡ ನಿರ್ಬಂಧ ಹಾಕಿದ ಎರಡು ದೊಡ್ಡ ಸೇನಾ ಉದ್ದಿಮೆಗಳ ಹೆಸರನ್ನು ಚೀಟಿಯಲ್ಲಿ ಬರೆದೇ ಕಳಿಸುತ್ತೇನೆ. ದಲ್ಲಾಳಿ ಮೊದಲ ಸಲ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ "ಕೇಳುತ್ತೇನೆ" ಎಂದರು. ಈಗ ಪ್ರತಿ ಲೋಡಿನ ಜೊತೆ ಒಂದು ಕಾಗದ ಬರುತ್ತದೆ. ಅದನ್ನು ಪರೀಕ್ಷಿಸುವ ದಾರಿ ನನ್ನಂಥ ಗಿರಣಿಯ ಗುಮಾಸ್ತನಿಗಿಲ್ಲ. ಸರ್ಕಾರಕ್ಕೆ ಇದೆ: ಸರ್ಕಾರಿ ಒಪ್ಪಂದದಡಿ ಬರುವ ಕಾಳಿಗೆ ಮೂಲ ದೇಶದ ಪ್ರಮಾಣಪತ್ರ ಹೇಗೂ ಬೇಕು, ಅದರ ಕೆಳಗೆ ಇದೊಂದು ಸಾಲು ಸೇರಿಸಿದರೆ ಸಾಕು. ಇದನ್ನೇ ಬರೆದು ನಮ್ಮ ಸಂಸದರಿಗೆ ಒಂದು ಪತ್ರ ಕಳಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಕ್ಷೇತ್ರದವರಿಗೆ ನೀವೂ ಬರೆಯುವುದಾದರೆ ಹೇಳಿ, ಆ ಪತ್ರದ ಒಕ್ಕಣೆಯನ್ನು ಇಲ್ಲೇ ಹಾಕುತ್ತೇನೆ.