ಓದುಗರ ಪ್ರಶ್ನೆ: ವೇಷದ ಕವಚಕ್ಕೆ ಅಡಿಕೆ ಹಾಳೆ

ಪ್ರಶ್ನೆ: ದಸರೆಗೆ ನಮ್ಮ ಶಾಲೆಯ ಮಕ್ಕಳು ಯೋಧರ ವೇಷ ಹಾಕುತ್ತಾರೆ. ಥರ್ಮಾಕೋಲ್, ಫೋಮ್ ಶೀಟ್, ಗೋಲ್ಡ್ ಸ್ಪ್ರೇ ಬಳಸಿ ಕವಚ ಮಾಡಿ ಮರುದಿನವೇ ಎಸೆಯುತ್ತೇವೆ. ಬೇರೆ ದಾರಿ ಇದೆಯೇ?
– ಶಿಕ್ಷಕಿ, ಸುಂಟಿಕೊಪ್ಪ

ಉತ್ತರ: ಖಂಡಿತ ಇದೆ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದಕ್ಕೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಅದರ ಬದಲು ತೋಟದಲ್ಲಿ ಬಿದ್ದಿರುವ ಅಡಿಕೆ ಹಾಳೆ ಆರಿಸಿಕೊಳ್ಳಿ. ಹಾಳೆಯಲ್ಲಿ ಟೊಪ್ಪಿ ಮಾಡುವ ನಾಡಿನಲ್ಲಿ ಕವಚಕ್ಕೆ ಫೋಮ್ ಕೊಳ್ಳುವುದು ದಂಡ.

ಹನ್ನೆರಡು ವರ್ಷದ ಮಗುವಿಗೆ ಎದೆಗೆ ಎರಡು, ಬೆನ್ನಿಗೆ ಎರಡು, ಭುಜಗಳಿಗೆ ಒಂದು ಹಾಳೆ ಸಾಕು. ಸೀಳು, ಕಪ್ಪು ಚುಕ್ಕೆ ಇರುವುದು ಬೇಡ. ತೊಳೆದು ಮೂರ್ನಾಲ್ಕು ಗಂಟೆ ನೀರಿನಲ್ಲಿ ನೆನೆಸಿ. ಬಗ್ಗಿಸಿದಾಗ ಚಟಪಟ ಸದ್ದು ಬಂದರೆ ಇನ್ನೂ ನೆನೆಯಬೇಕು. ನೆಂದ ಹಾಳೆಯನ್ನು ನಾರು ಮೇಲಿನಿಂದ ಕೆಳಕ್ಕೆ ಬರುವಂತೆ ಡಬ್ಬಿಗೋ ಕೊಡಕ್ಕೋ ಸುತ್ತಿ ಹಗ್ಗದಿಂದ ಬಿಗಿಯಿರಿ. ಬಿಚ್ಚಿದ ಮೇಲೆ ಹಾಳೆ ಸ್ವಲ್ಪ ಅರಳಿಕೊಳ್ಳುತ್ತದೆ, ಹಾಗಾಗಿ ಡಬ್ಬಿ ಮಗುವಿನ ಎದೆಗಿಂತ ತುಸು ಸಣ್ಣದಿರಲಿ.

ಒಣಗಿದ ಮೇಲೆ ದಬ್ಬಳ ಮತ್ತು ಗೋಣಿ ದಾರದಿಂದ ಹೊಲಿಯಿರಿ. ಹಾಳೆ ಸೀಳುವುದು ಹೊಲಿಗೆಯ ತೂತಿನಿಂದಲೇ. ತೂತುಗಳೆಲ್ಲ ಒಂದೇ ನಾರಿನ ಗೆರೆಯ ಮೇಲೆ ಬಂದರೆ ಹಾಳೆ ಉದ್ದಕ್ಕೆ ಎರಡಾಗುತ್ತದೆ. ತೂತುಗಳನ್ನು ಓರೆಕೋರೆಯಾಗಿ ಹಾಕಿ, ಒಳಗಡೆ ಹಳೆಯ ಕಾಫಿ ಗೋಣಿಯ ಎರಡು ಇಂಚಿನ ಪಟ್ಟಿ ಇಟ್ಟು ಅದರ ಸಮೇತ ಹೊಲಿಯಿರಿ. ಕವಚ ಸೊಂಟಕ್ಕೇ ನಿಲ್ಲಬೇಕು. ಅದಕ್ಕಿಂತ ಇಳಿದರೆ ಮಗು ಕೂತಾಗ ಮೇಲಂಚು ಗಂಟಲಿಗೆ ಒತ್ತುತ್ತದೆ. ಕಂಕುಳಲ್ಲಿ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಬಿಡಿ.

ಪ್ರಶ್ನೆ: ಪೇಪರ್ ಮತ್ತು ಮೈದಾ ಅಂಟಿನಿಂದ ಕವಚ ಮಾಡಿದೆವು. ವಾರದೊಳಗೆ ಬೂಷ್ಟು ಹಿಡಿಯಿತು. ಅಂಟಿಗೆ ಮೈಲುತುತ್ತ (ಕಾಪರ್ ಸಲ್ಫೇಟ್) ಬೆರೆಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಬೇಡವೇ ಬೇಡ. ತೋಟದ ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ, ಕೈಗೂ ಸಿಗುತ್ತದೆ. ಆದರೆ ಅದು ವಿಷ. ಬೆವರುವ ಮಗುವಿನ ಮೈಗೆ ತಾಗುವ ವಸ್ತುವಿನಲ್ಲಿ ಇರಕೂಡದು, ತೊಳೆದ ನೀರು ತೋಡಿಗೆ ಸೇರಿದರೆ ಮೀನಿಗೂ ಕೇಡು. ಉಪ್ಪು ಹಾಕಿ ಎನ್ನುವವರೂ ಇದ್ದಾರೆ. ನಮ್ಮ ಹವೆಯಲ್ಲಿ ಉಪ್ಪು ತೇವ ಎಳೆದುಕೊಂಡು ಕವಚವನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ.

ಬೂಷ್ಟಿಗೆ ಕಾರಣ ಪದರಗಳ ನಡುವೆ ಉಳಿದ ತೇವ. ಒಂದು ಲೋಟ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ಐದು ಲೋಟ ನೀರು ಸೇರಿಸಿ, ಬಿಳುಪು ಹೋಗಿ ಗಂಜಿಯಂತೆ ಮಿನುಗುವವರೆಗೆ ಕುದಿಸಿ. ಎರಡು ಇಂಚು ಅಗಲದ ಪೇಪರ್ ಪಟ್ಟಿಗಳನ್ನು ಕತ್ತರಿಸದೆ ಹರಿಯಿರಿ. ಹರಿದ ಅಂಚು ಕೂಡಿಕೊಳ್ಳುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ದಿನಕ್ಕೆ ಎರಡೇ ಪದರ, ಒಟ್ಟು ಐದು. ಪದರ ಪೂರ್ತಿ ಒಣಗಿತೇ ಎಂದು ನೋಡಲು ಕೆನ್ನೆಗೆ ಒತ್ತಿ: ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಮಳೆ ಬಿಡದಿದ್ದರೆ ಒಲೆಯ ಮೇಲಿನ ಅಟ್ಟವೇ ಸರಿ. ಆದರೆ ಬೆಂಕಿಗೆ ತೀರಾ ಹತ್ತಿರ ಇಟ್ಟರೆ ಒಂದೇ ಬದಿ ಬೇಗ ಒಣಗಿ ಕವಚ ಸೊಟ್ಟಗಾಗುತ್ತದೆ.

ಪ್ರಶ್ನೆ: ಸ್ಪ್ರೇ ಇಲ್ಲದೆ ಲೋಹದ ಹೊಳಪು ಬರುತ್ತದೆಯೇ?
– ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ಉಕ್ಕಿನ ಹೊಳಪು ಚೆನ್ನಾಗಿಯೇ ಬರುತ್ತದೆ. ಜರಡಿ ಹಿಡಿದ ಇದ್ದಿಲ ಪುಡಿಯನ್ನು ಮೈದಾ ಅಂಟಿನಲ್ಲಿ ಕಲಸಿ ಬಳಿಯಿರಿ. ಒಣಗಿದ ಮೇಲೆ ಪೆನ್ಸಿಲ್ ಕಡ್ಡಿಯ (ಗ್ರಾಫೈಟ್) ಪುಡಿಯನ್ನು ಬೆರಳಿನಿಂದ ಅಂಚು ಮತ್ತು ಉಬ್ಬುಗಳ ಮೇಲೆ ಮಾತ್ರ ಉಜ್ಜಿ. ತಗ್ಗು ಕಪ್ಪಾಗಿಯೇ ಉಳಿದರೆ ನಿಜವಾದ ಕಬ್ಬಿಣದಂತೆ ಕಾಣುತ್ತದೆ. ತುಕ್ಕಿನ ಬಣ್ಣಕ್ಕೆ ಕೆಮ್ಮಣ್ಣು ಸಾಕು. ಕೊನೆಗೆ ಒಂದು ಪಾಲು ಜೇನುಮೇಣ, ಮೂರು ಪಾಲು ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಆರಿದ ಮೇಲೆ ಬಟ್ಟೆಯಿಂದ ತೆಳುವಾಗಿ ಒರೆಸಿ. ಮೇಣದ ಮೇಲೆ ಬಣ್ಣ ಹಿಡಿಯುವುದಿಲ್ಲ, ಆದ್ದರಿಂದ ಬಣ್ಣದ ಕೆಲಸ ಮೊದಲೇ ಮುಗಿಸಿ. ಮೇಣ ಹಚ್ಚಿದ ಪೇಪರ್ ಬೇಗ ಹೊತ್ತಿಕೊಳ್ಳುತ್ತದೆ; ಈ ಕವಚ ತೊಟ್ಟವರ ಹತ್ತಿರ ದೊಂದಿ, ಪಟಾಕಿ ತರಬೇಡಿ.