ಮಗಳು ಹೊರಟಿರುವ ಊರು ತುಲೂಸ್

ಪತ್ರ: ಮಗಳಿಗೆ ಫ್ರಾನ್ಸಿನ ತುಲೂಸ್‌ನಲ್ಲಿ ವಿಮಾನ ಎಂಜಿನಿಯರಿಂಗ್ ಓದಲು ಸೀಟು ಸಿಕ್ಕಿದೆ. ನಮಗೆ ಗೊತ್ತಿರುವುದು ಪ್ಯಾರಿಸ್ ಒಂದೇ. ಇದು ಎಂಥ ಊರು? ಜನ ಹೇಗೆ ಬದುಕುತ್ತಾರೆ? ಸ್ವಲ್ಪ ಬರೆಯುತ್ತೀರಾ?
– ಓದುಗರು, ಹಾವೇರಿ

ಸಂಪಾದಕರ ಉತ್ತರ: ಒಳ್ಳೆಯ ಊರಿಗೇ ಹೊರಟಿದ್ದಾಳೆ ನಿಮ್ಮ ಮಗಳು. ದೇಶದ ದಕ್ಷಿಣದಲ್ಲಿ, ಗರೋನ್ ನದಿಯ ದಂಡೆಯಲ್ಲಿರುವ ಊರು ಇದು. ಜನಸಂಖ್ಯೆ ಸುಮಾರು 5 ಲಕ್ಷ. ಸುತ್ತಲಿನ ಪ್ರದೇಶ ಸೇರಿಸಿದರೆ ವಿದ್ಯಾರ್ಥಿಗಳೇ ಲಕ್ಷಕ್ಕೂ ಜಾಸ್ತಿ. 1229ರಲ್ಲೇ ವಿಶ್ವವಿದ್ಯಾಲಯ ಕಂಡ ಊರು, ಓದಲು ಬಂದವರು ಅಲ್ಲಿಗೆ ಹೊಸಬರಲ್ಲ.

ಮೊದಲು ಕಣ್ಣಿಗೆ ಬೀಳುವುದು ಇಟ್ಟಿಗೆ. ಹತ್ತಿರದಲ್ಲಿ ಒಳ್ಳೆಯ ಕಲ್ಲು ಸಿಗುತ್ತಿರಲಿಲ್ಲ, ನದಿಬಯಲಿನ ಜೇಡಿಮಣ್ಣು ಬೇಕಾದಷ್ಟಿತ್ತು. ಹಾಗಾಗಿ ಚರ್ಚು, ಮನೆ, ಅಂಗಡಿ ಎಲ್ಲವೂ ಇಟ್ಟಿಗೆಯವೇ. ಬಿಸಿಲು ಇಳಿಯುವಾಗ ಊರೆಲ್ಲ ಕೆಂಪೇರುತ್ತದೆ. ಅದಕ್ಕೇ ಗುಲಾಬಿ ನಗರ ಅನ್ನುವ ಹೆಸರು.

ಹಳೆಯ ಬೀದಿಗಳಲ್ಲಿ ಭಾರಿ ಮಹಲುಗಳಿವೆ. ಅವುಗಳಲ್ಲಿ ಹಲವು ನೀಲಿ ಬಣ್ಣ ಮಾರಿದ ದುಡ್ಡಿನಿಂದ ಎದ್ದವು. ಪಾಸ್ತೆಲ್ ಎಂಬ ಗಿಡದ ಎಲೆ ಅರೆದು, ಉಂಡೆ ಕಟ್ಟಿ, ಒಣಗಿಸಿ, ಅದರಿಂದ ಬಟ್ಟೆಗೆ ಹಾಕುವ ನೀಲಿ ತೆಗೆಯುತ್ತಿದ್ದರು. 15-16ನೇ ಶತಮಾನದಲ್ಲಿ ಈ ವ್ಯಾಪಾರದಿಂದ ಊರು ಶ್ರೀಮಂತವಾಯಿತು. ಆಮೇಲೆ ಹಡಗುಗಳಲ್ಲಿ ಬಂತು ನೋಡಿ, ನಮ್ಮ ಭಾರತದ ನೀಲಿ! ಬಣ್ಣ ಗಾಢ. ಒಳಜಗಳದ ಯುದ್ಧಗಳಿಂದ ಸೊರಗಿದ್ದ ಪಾಸ್ತೆಲ್ ಮತ್ತೆ ಮೇಲೇಳಲಿಲ್ಲ. ಮಗಳಿಗೆ ಅಸೆಜಾ ಮಹಲನ್ನು ತಪ್ಪದೆ ನೋಡಲು ಹೇಳಿ. ಅದನ್ನು ಕಟ್ಟಿಸಿದ್ದು ಪಾಸ್ತೆಲ್ ವ್ಯಾಪಾರಿ.

ವಿಮಾನದ ಕತೆ ಅವಳಿಗೆ ಗೊತ್ತೇ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಗಡಿಯಿಂದ ದೂರವೆಂದು ಕಾರ್ಖಾನೆಗಳು ಇಲ್ಲಿಗೆ ಬಂದವು. 1918ರ ಕೊನೆಯಲ್ಲಿ ಅಂಚೆ ಮಾರ್ಗ ಶುರುಮಾಡಲೆಂದು ಇಲ್ಲಿಂದಲೇ ಬಾರ್ಸಿಲೋನಾಗೆ ಪ್ರಯೋಗದ ವಿಮಾನ ಹಾರಿತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕರ ವಿಮಾನ ಕಾಂಕಾರ್ಡ್ 1969ರ ಮಾರ್ಚ್ 2ರಂದು ಮೊದಲು ಹಾರಿದ್ದೂ ಇಲ್ಲೇ. ಈಗ ಏರ್‌ಬಸ್ ಇದೆ. ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯ ದೊಡ್ಡ ಕೇಂದ್ರವೂ ಇದೆ. ನಮ್ಮ ಇಸ್ರೊ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹ ಆ ಸಂಸ್ಥೆಯ ಜೊತೆ ಸೇರಿ ಮಾಡಿದ್ದು.

ಇನ್ನು ದಿನದ ಬದುಕು. ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋಂಜೂರ್' ಅನ್ನಬೇಕು. ಅದನ್ನು ಬಿಟ್ಟು ಸೀದಾ ಬೆಲೆ ಕೇಳಿದರೆ ಒರಟುತನ ಅಂದುಕೊಳ್ಳುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಸಣ್ಣ ಅಂಗಡಿಗಳು ಬಾಗಿಲು ಹಾಕುವುದುಂಟು. ಭಾನುವಾರ ಬಹುತೇಕ ಬಂದ್, ಆದರೆ ಬೆಳಿಗ್ಗೆ ಸೇಂತ್ ಒಬಾಂ ಚರ್ಚಿನ ಸುತ್ತ ಸಂತೆ ಸೇರುತ್ತದೆ. ತರಕಾರಿ, ಹಣ್ಣು ಧಾರಾಳ. ಊರಿನ ಹೆಸರಾಂತ ಅಡುಗೆ ಕಸ್ಸುಲೆ, ಬಿಳಿ ಕಾಳಿನದು, ಆದರೆ ಮಾಂಸ ಹಾಕಿರುತ್ತಾರೆ. ಸಸ್ಯಾಹಾರಿಯಾದರೆ ಕೇಳಿಯೇ ತಿನ್ನಲಿ. ಚಾಕೊಲೇಟ್ ತುಂಬಿದ ಬನ್ನಿಗೆ ಪ್ಯಾರಿಸ್‌ನವರು 'ಪೇನ್ ಓ ಶೊಕೊಲಾ' ಅನ್ನುತ್ತಾರೆ. ಇಲ್ಲಿ ಅದು 'ಶೊಕೊಲಾಟೀನ್'. ಈ ಹೆಸರನ್ನು ಇಲ್ಲಿನವರು ಸುಮ್ನೆ ಬಿಟ್ಟುಕೊಡುವುದಿಲ್ಲ. ಬೇಸಿಗೆಯ ಸಂಜೆ ಹುಡುಗರೆಲ್ಲ ಗರೋನ್ ದಂಡೆಯಲ್ಲಿ. ರಗ್ಬಿ ಪಂದ್ಯ ಇದ್ದ ದಿನ ಊರೆಲ್ಲ ತಮ್ಮ ತಂಡದ ಬಣ್ಣವಾದ ಕೆಂಪು-ಕಪ್ಪು.

ನನಗೆ ತುಂಬ ಹತ್ತಿರವಾದ ವಿಷಯ ಬೇರೆ ಇದೆ. ಈ ಊರಿನ ಹಳೆಯ ನುಡಿ ಫ್ರೆಂಚ್ ಅಲ್ಲ, ಆಕ್ಸಿಟಾನ್. ಆ ನುಡಿಯ ಕವಿತೆಗೆಂದು 1323ರಲ್ಲಿ ಏಳು ಜನ ಸೇರಿ ಒಂದು ಕೂಟ ಕಟ್ಟಿದರು. ಕವಿತೆಯ ಸ್ಪರ್ಧೆ ನಡೆಸಿ, ಗೆದ್ದವರಿಗೆ ಚಿನ್ನದಲ್ಲಿ ಮಾಡಿದ ವಯಲೆಟ್ ಹೂವು ಕೊಟ್ಟರು. ಮುಂದೆ ಶಾಲೆಗಳಲ್ಲಿ ಫ್ರೆಂಚ್ ಮಾತ್ರ ನಡೆಯಿತು. ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಆಗುತ್ತಿತ್ತು. ಹಾಗೆ ನಾಚಿಕೆಪಡಿಸಿದರೆ ಯಾವ ಮಗು ತಾನೇ ಆ ಮಾತು ಆಡೀತು, ಅಲ್ವಾ? ಇವತ್ತು ಅದನ್ನು ಬೀದಿಯಲ್ಲಿ ಕೇಳುವುದು ಅಪರೂಪ. ಆದರೂ ಊರಿನವರು ಕೈಬಿಟ್ಟಿಲ್ಲ. ಹಳೆ ಊರಿನ ಬೀದಿ ಫಲಕಗಳಲ್ಲಿ ಎರಡೂ ಹೆಸರಿವೆ. ಮೆಟ್ರೊದಲ್ಲಿ ನಿಲ್ದಾಣದ ಹೆಸರನ್ನು ಮೊದಲು ಫ್ರೆಂಚಿನಲ್ಲಿ, ಆಮೇಲೆ ಆಕ್ಸಿಟಾನ್‌ನಲ್ಲಿ ಕೂಗುತ್ತಾರೆ. ಮೊದಲ ದಿನ ಮೆಟ್ರೊ ಹತ್ತಿದಾಗ ಆ ಎರಡನೆಯ ದನಿಗೂ ಕಿವಿ ಕೊಡಲು ಮಗಳಿಗೆ ಹೇಳಿ. ಕೇಳಿದ್ದನ್ನು ನಮಗೂ ಬರೆಯಲಿ, ಕಾಯುತ್ತಿರುತ್ತೇವೆ.