ಎರಡು ಎಕ್ಕ ಬಂದವು ಅಂತ ಪಾಟ್ ಹೊಡೆಯಬೇಡಿ

ಪಾಟ್ ಲಿಮಿಟ್ ಒಮಾಹಾ ಅಂದರೆ ಕೈಗೆ ನಾಲ್ಕು ಎಲೆ ಬರುವ ಪೋಕರ್; ಒಮ್ಮೆಗೆ ಹೆಚ್ಚೆಂದರೆ ನಡುವೆ ಸೇರಿದ ಹಣದಷ್ಟು (ಪಾಟ್) ಏರಿಸಬಹುದು. ಅದರ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಗೋಳು: ಎರಡು ಎಕ್ಕ ಹಿಡಿದೂ ಸೋತೆ. ಆಟದ ನಿಯಮ ಇಲ್ಲಿ ಹೇಳಲ್ಲ. ಕೈಯಲ್ಲಿರುವ ನಾಲ್ಕು ಎಲೆಯಲ್ಲಿ ಎರಡನ್ನು ಬಳಸಲೇಬೇಕು, ಎರಡನ್ನೇ ಬಳಸಬೇಕು ಅನ್ನೋದು ಗೊತ್ತಿಲ್ಲದವರು ದುಡ್ಡಿಟ್ಟು ಕೂರಬೇಡಿ, ಅಷ್ಟೇ.

ಪ್ರಶ್ನೆ: ಹೋಲ್ಡೆಮ್ (ಕೈಗೆ ಎರಡೇ ಎಲೆ ಬರುವ ಪೋಕರ್) ಆಡಿ ಅಭ್ಯಾಸ ಇದೆ. ಒಮಾಹಾದಲ್ಲಿ ಎಕ್ಕದ ಜೋಡಿ ಬಂದಾಗಲೆಲ್ಲ ಪ್ರೀಫ್ಲಾಪ್‌ನಲ್ಲೇ (ಮೇಜಿನ ಮೇಲೆ ಎಲೆ ಬೀಳುವ ಮೊದಲೇ) ಪೂರ್ತಿ ಪಾಟ್ ರೇಸ್ ಮಾಡುತ್ತೇನೆ (ಪಣ ಏರಿಸುತ್ತೇನೆ). ಮೂರು ಜನ ಕಾಲ್ ಮಾಡುತ್ತಾರೆ (ಅಷ್ಟೇ ಹಣ ಹಾಕುತ್ತಾರೆ), ನಾನು ಸೋಲುತ್ತೇನೆ. ಎಲೆ ಹಂಚೋದರಲ್ಲೇ ಮೋಸ ಇದೆಯಾ?

ಮೋಸ ಇಲ್ಲ. ಹೋಲ್ಡೆಮ್‌ನಲ್ಲಿ ಎಕ್ಕದ ಜೋಡಿ 221 ಕೈಗೆ ಒಮ್ಮೆ ಬರುತ್ತದೆ. ಒಮಾಹಾದಲ್ಲಿ ಸುಮಾರು 40 ಕೈಗೆ ಒಮ್ಮೆ. ಬಂದಾಗಲೆಲ್ಲ ಹಬ್ಬ ಮಾಡುವಷ್ಟು ಅಪರೂಪವಲ್ಲ.

ಜೊತೆಗಿದ್ದ ಇನ್ನೆರಡು ಎಲೆ ಯಾವುವು ಅಂತ ನೀವು ಬರೆದೇ ಇಲ್ಲ. ಯಾರೂ ಬರೆಯುವುದಿಲ್ಲ. ನನಗೆ ಸಿಟ್ಟು ಬರೋದೇ ಅದಕ್ಕೆ. ಎಕ್ಕ-ಎಕ್ಕ-7-2, ನಾಲ್ಕಕ್ಕೂ ಬೇರೆ ಬೇರೆ ಸೂಟ್ ಅಂದರೆ ಕೈಯಲ್ಲಿರೋದು ಬರೀ ಒಂದು ಜೋಡಿ. ಎದುರಿನವನ ಹತ್ತಿರ ಗುಲಾಮ-10-9-8 ಡಬಲ್ ಸೂಟೆಡ್ (ಎರಡು ಎಲೆ ಒಂದು ಸೂಟು, ಉಳಿದೆರಡು ಇನ್ನೊಂದು ಸೂಟು) ಇದ್ದರೆ ಇಬ್ಬರ ಗೆಲುವಿನ ಸಾಧ್ಯತೆ ಹೆಚ್ಚುಕಡಿಮೆ ಸಮ. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ಬೀಳುವ ಮೂರು ಎಲೆಯಲ್ಲಿ) ಇನ್ನೊಂದು ಎಕ್ಕ ಬೀಳೋದು ನೂರಕ್ಕೆ ಸುಮಾರು 12 ಸಲ. ಉಳಿದಾಗಲೆಲ್ಲ ನಾಲ್ಕು ಜನರ ನಡುವೆ ಸಾದಾ ಜೋಡಿ ಹಿಡಿದು ಕೂತಿರುತ್ತೀರಿ. ಮೊದಲು ಆಡುವ ಸರದಿಯೂ ನಿಮ್ಮದೇ ಆದರೆ ಮುಗೀತು.

ಎಕ್ಕ-ಎಕ್ಕ-ಗುಲಾಮ-10 ಬಂದು, ಗುಲಾಮ ಒಂದು ಎಕ್ಕದ ಸೂಟಿನದು, 10 ಇನ್ನೊಂದರದು ಆಗಿದ್ದರೆ ಕಥೆಯೇ ಬೇರೆ. ನಟ್ ಫ್ಲಶ್‌ಗೆ (ಒಂದೇ ಸೂಟಿನ ಐದು ಎಲೆ, ಅದರಲ್ಲೂ ಎಲ್ಲಕ್ಕಿಂತ ದೊಡ್ಡದು) ಎರಡು ದಾರಿ, ಸ್ಟ್ರೇಟ್‌ಗೂ (ಸಾಲಾಗಿ ಐದು ಎಲೆ) ದಾರಿ. ಎಲ್ಲಿ ಕೂತಿದ್ದರೂ ಪಾಟ್ ಹೊಡೆಯಿರಿ.

ಒಣ ಎಕ್ಕ, ಅಂದರೆ ಉಳಿದೆರಡು ಎಲೆಯಿಂದ ಏನೂ ಸಹಾಯವಿಲ್ಲದ ಎಕ್ಕದ ಜೋಡಿ, ಬಂದಾಗ ಮೊದಲು ಸ್ಟ್ಯಾಕ್ (ಮುಂದೆ ಇಟ್ಟುಕೊಂಡ ಹಣ) ನೋಡಿ. 100 ಬಿಗ್ ಬ್ಲೈಂಡ್ ಇದೆ ಅಂದುಕೊಳ್ಳಿ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಹಣ ಬ್ಲೈಂಡ್; ದೊಡ್ಡದು ಬಿಗ್, ಚಿಕ್ಕದು ಸ್ಮಾಲ್; ಮುಂದಿನ ಲೆಕ್ಕವೆಲ್ಲ ಬಿಗ್ ಬ್ಲೈಂಡ್‌ನಲ್ಲೇ). ನೀವು ಪಾಟ್ ಅಂದಿರಿ, 3.5 ಆಯಿತು. ಬಟನ್‌ನಲ್ಲಿದ್ದವನು (ಫ್ಲಾಪ್ ಬಿದ್ದ ಮೇಲೆ ಕೊನೆಗೆ ಆಡುವವನು) ಮತ್ತೆ ಪಾಟ್ ಅಂದ, 12 ಆಯಿತು. ಬ್ಲೈಂಡ್ ಹಾಕಿದವರು ಫೋಲ್ಡ್ (ಎಲೆ ಎಸೆದರು). ಈಗ ನೀವು ಪಾಟ್ ಅಂದರೆ 37.5. ಅವನು ಕಾಲ್ ಮಾಡಿದರೆ ನಡುವೆ 76.5, ನಿಮ್ಮ ಹತ್ತಿರ 62.5. ಬಹುತೇಕ ಯಾವ ಫ್ಲಾಪ್ ಬಂದರೂ ಉಳಿದದ್ದನ್ನು ತಳ್ಳಿಬಿಡಬಹುದು. ಇಲ್ಲಿ ಒಣ ಎಕ್ಕವೂ ನಡೆಯುತ್ತದೆ.

ಅದೇ ಕೈಯನ್ನು 250 ಬಿಗ್ ಬ್ಲೈಂಡ್ ಇಟ್ಟುಕೊಂಡು ಆಡಿದರೆ? 37.5 ಹಾಕಿದ ಮೇಲೂ 212.5 ಉಳಿದಿರುತ್ತದೆ. ಹೊಸಬರು ಫೋರ್‌ಬೆಟ್ (ಆ 37.5ರಂಥ ಮೂರನೇ ಏರಿಕೆ) ಮಾಡೋದು ಎಕ್ಕ ಇದ್ದಾಗ ಮಾತ್ರ ಅಂತ ಮೇಜಿನಲ್ಲಿ ಎಲ್ಲರಿಗೂ ಗೊತ್ತು. ಎರಡು ಎಲೆ ಬಿಚ್ಚಿಟ್ಟು ಆಡಿದ ಹಾಗೆ. ಫ್ಲಾಪ್ ಕೂಡಿಬಂದರೆ ಅವನು ಎಲ್ಲ ಬಾಚಿಕೊಳ್ಳುತ್ತಾನೆ, ಬರದಿದ್ದರೆ ಎಲೆ ಎಸೆದು ಕೂರುತ್ತಾನೆ. ಅಲ್ಲಿ ಸುಮ್ನೆ ಕಾಲ್ ಮಾಡಿ.

ಇನ್ನು ನಾಲ್ಕು ಜನ ಆಗಲೇ ಲಿಂಪ್ ಮಾಡಿದ್ದಾರೆ (ಏರಿಸದೆ ಬಿಗ್ ಬ್ಲೈಂಡ್‌ನಷ್ಟೇ ಹಾಕಿದ್ದಾರೆ), ನೀವು ಸ್ಮಾಲ್ ಬ್ಲೈಂಡ್‌ನಲ್ಲಿ ಒಣ ಎಕ್ಕ ಹಿಡಿದಿದ್ದೀರಿ. ರೇಸ್ ಬೇಡ. ಯಾರೂ ಎದ್ದು ಹೋಗಲ್ಲ, ಪಾಟ್ ಮಾತ್ರ ಊದುತ್ತದೆ. ಅದೇ ಮೇಜಿನಲ್ಲಿ ಬಟನ್ ನನ್ನದಾಗಿದ್ದು, ಗುಲಾಮ-10-9-8 ಡಬಲ್ ಸೂಟೆಡ್ ಬಂದರೆ ನಾನು ಖಂಡಿತ ರೇಸ್ ಮಾಡುತ್ತೇನೆ. ಎಲ್ಲರ ಆಟ ನೋಡಿ ಕೊನೆಗೆ ಆಡುವವನು ನಾನು, ಅಲ್ವಾ?

ಪ್ರಶ್ನೆ: 9-9-9-ರಾಜ ಬಂದರೆ ರೇಸ್ ಮಾಡಬಹುದಾ?

ಫೋಲ್ಡ್. ನಿಮಗೆ ಬೇಕಾದ 9ಗಳನ್ನು ನೀವೇ ಹಿಡಿದುಕೊಂಡಿದ್ದೀರಿ.

ಪ್ರಶ್ನೆ: ಒಮಾಹಾದಲ್ಲಿ ಯಾವ ಕೈಗೂ ದೊಡ್ಡ ಮೇಲುಗೈ ಇಲ್ಲವಂತೆ. ಹಾಗಾದರೆ ಯಾವ ಎಲೆ ಬಂದರೂ ಆಡಬಹುದಲ್ವಾ?

ಹೀಗೆ ಹೇಳಿಕೊಟ್ಟವರು ನಿಮ್ಮ ಮೇಜಿನಲ್ಲೇ ಆಡುತ್ತಾರಾ, ಸ್ವಲ್ಪ ವಿಚಾರಿಸಿ.

ಪ್ರಶ್ನೆ: ಟೆಲಿಗ್ರಾಮ್‌ನಲ್ಲಿ ಒಬ್ಬರು "ಗೆಲ್ಲುವ 30 ಕೈಗಳ ಚಾರ್ಟ್" ಮಾರುತ್ತಿದ್ದಾರೆ. ಕೊಳ್ಳಲಾ?

ನಾಲ್ಕು ಎಲೆಯ ಕೈಗಳು ಒಟ್ಟು 2,70,725. ಅದರಲ್ಲಿ 30 ಹೆಕ್ಕಿದವನಿಗೆ ನೀವು ಎಲ್ಲಿ ಕೂತಿದ್ದೀರಿ, ಸ್ಟ್ಯಾಕ್ ಎಷ್ಟಿದೆ ಅನ್ನೋದೂ ಗೊತ್ತಿಲ್ಲ. ಆ ದುಡ್ಡು ನಿಮ್ಮ ಜೇಬಲ್ಲೇ ಇರಲಿ.

ಪ್ರಶ್ನೆ: ಕಡಿಮೆ ದುಡ್ಡಲ್ಲಿ ಅಭ್ಯಾಸಕ್ಕೆ ಯಾವ ಆ್ಯಪ್ ಒಳ್ಳೇದು?

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಪೋಕರ್ ಕೂಡ ಅದರಲ್ಲಿ ಸೇರಿದೆ. ಪುಕ್ಕಟೆ ಚಿಪ್ಸ್‌ನಲ್ಲಿ ಕಲಿಯಿರಿ. ವಿಪಿಎನ್ ಹಾಕಿ ವಿದೇಶಿ ಸೈಟಿಗೆ ನುಗ್ಗುವ ಉಪಾಯ ಕೇಳಿದವರಿಗೆ ನಾನು ಉತ್ತರ ಬರೆಯಲ್ಲ.